ಬಾಣಂತನದ ಮೊದಲ ನಲವತ್ತೆರಡು ದಿನ: ಕೂಸು ಮತ್ತು ತಾಯಿಯ ಆರೈಕೆಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ರೂಢಿ. ಹಾಗಾಗಿ ಧಾರವಾಡದ ನಮ್ಮ ಮನೆಯಲ್ಲಿ ಏಳು ವರ್ಷಗಳ ಅಂತರದಲ್ಲಿ ಇಬ್ಬರು ಹೆಣ್ಣುಮಕ್ಕಳ ಬಾಣಂತನವನ್ನು ನಾನೇ ಮಾಡಿದ್ದೇನೆ. ಮೊದಲನೆಯದನ್ನು ಗದಗ ಕಡೆಯ ಹಳ್ಳಿಯಲ್ಲಿ ನನ್ನ ಅವ್ವ ಮಾಡುತ್ತಿದ್ದ ರೀತಿಯಲ್ಲೇ ಮಾಡಿದೆ. ಎರಡನೆಯದರ ಹೊತ್ತಿಗೆ ಮಕ್ಕಳ ವೈದ್ಯರಿಂದಲೂ ಓಣಿಯ ಆಶಾ ಕಾರ್ಯಕರ್ತೆಯಿಂದಲೂ ಕಲಿತು ಕೆಲವನ್ನು ಬಿಟ್ಟೆ, ಹೆಚ್ಚಿನದನ್ನು ಉಳಿಸಿಕೊಂಡೆ. ಬಾಣಂತಿಯನ್ನು ಮನೆಗೆಲಸದಿಂದ ಬಿಡಿಸಿ, ಬಿಸಿ ಊಟ ಕೊಟ್ಟು, ಕೂಸಿನ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಲು ಬಿಡುವುದು ಹಿರಿಯರ ಬಾಣಂತನದ ತಿರುಳು, ಮತ್ತು ಅದು ಇಂದಿಗೂ ಅಷ್ಟೇ ಸರಿ. ಅದಕ್ಕೆ ಅಂಟಿಕೊಂಡು ಬಂದಿರುವ ಹೊಗೆ, ಜೇನುತುಪ್ಪ, ಕಲ್ಲಿನ ಮೇಲೆ ತೇಯ್ದು ಕುಡಿಸುವ ಗುಟ್ಟಿ, ದಿಂಬು ಇವುಗಳನ್ನು ಮಾತ್ರ ಕೈಬಿಡಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವಾಗ ಏನು ಮಾಡಬೇಕು ಎಂಬುದನ್ನು ದಿನಗಳ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮನೆಗೆ ಬರುವ ಮೊದಲು

ಗಾಳಿ ಬೆಳಕು ಇರುವ, ನೇರವಾಗಿ ಗಾಳಿ ಬಡಿಯದ, ಬಚ್ಚಲಿಗೆ ಹತ್ತಿರದ ಕೋಣೆಯನ್ನು ಬಾಣಂತಿಗೆ ಬಿಟ್ಟುಕೊಡಿ. ಕತ್ತಲೆ ಮೂಲೆಯ ಕೋಣೆಯೇ ಬಾಣಂತಿಗೆ ಯೋಗ್ಯವೆಂಬ ನಂಬಿಕೆಯಿಂದ ಎರಡು ತೊಂದರೆಗಳಿವೆ: ಕೂಸಿನ ಮೈಬಣ್ಣ ಹಳದಿಯಾಗುವುದು ಕಣ್ಣಿಗೆ ಬೀಳುವುದಿಲ್ಲ, ತಾಯಿಯ ಮನಸ್ಸೂ ಮಂಕಾಗುತ್ತದೆ. ಆಯಿಯ ಹಳೆಯ ನೂಲಿನ ಸೀರೆಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಹರಿದು ಲಂಗೋಟಿ ಮಾಡಿಡಿ. ದಿನಕ್ಕೆ ಹದಿನೈದು ಇಪ್ಪತ್ತು ಬೇಕಾಗುತ್ತವೆ. ಹುಬ್ಬಳ್ಳಿ ಧಾರವಾಡದ ಹಲವು ಬಡಾವಣೆಗಳಲ್ಲಿ ನಳದ ನೀರು ದಿನಾ ಬರುವುದಿಲ್ಲವಾದ್ದರಿಂದ, ನೀರು ಬರುವ ದಿನ ಯಾವುದೆಂದು ನೋಡಿಕೊಂಡು ಬಟ್ಟೆಯ ಸಂಗ್ರಹವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಬೇಕು. ತುಂಬಿಟ್ಟ ಬ್ಯಾರಲ್ಲುಗಳನ್ನು ಸೊಳ್ಳೆ ಸೇರದಂತೆ ಬಟ್ಟೆ ಕಟ್ಟಿ ಮುಚ್ಚಿಡಬೇಕು. ಕುಲಾಯಿ, ಕುಂಚಿಗೆ, ಒಂದು ತೆಳುವಾದ ಕೌದಿ, ಒಂದು ಡಿಜಿಟಲ್ ಥರ್ಮಾಮೀಟರ್ ಇದ್ದರೆ ಉಳಿದದ್ದೆಲ್ಲ ಆಮೇಲೆ ತರಬಹುದು.

ಆಸ್ಪತ್ರೆಯಿಂದ ಹೊರಡುವ ಮುನ್ನ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಲಸಿಕೆಗಳು ಹಾಗೂ ವಿಟಮಿನ್ ಕೆ ಇಂಜೆಕ್ಷನ್ ಆಗಿವೆಯೇ, ಕೂಸಿನ ತೂಕ ತಾಯಿ ಕಾರ್ಡಿನಲ್ಲಿ (ತಾಯಿ ಮತ್ತು ಕೂಸಿನ ಆರೋಗ್ಯದ ಸರ್ಕಾರಿ ದಾಖಲೆ ಪುಸ್ತಕದಲ್ಲಿ) ದಾಖಲಾಗಿದೆಯೇ ಎಂದು ಕೇಳಿ ನೋಡಿಕೊಳ್ಳಿ. ಆ ತೂಕವೇ ಮುಂದಿನ ಆರು ವಾರಗಳ ಲೆಕ್ಕಕ್ಕೆ ಆಧಾರ.

ಹಾಲು: ಮೊದಲ ವಾರದ ಮುಖ್ಯ ಕೆಲಸ

ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು. ಮೊದಲೆರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂದೆ ಹಿಂಡಿ ಚೆಲ್ಲುತ್ತಿದ್ದರು. ಎಮ್ಮೆ ಈದಾಗ ಗಿಣ್ಣದ ಹಾಲು ಕರುವಿಗೆ ಬೇಕೆಂದು ಬಿಡುತ್ತಿದ್ದ ನಮ್ಮ ಮನೆಗಳಲ್ಲಿ ಮನುಷ್ಯರ ಕೂಸಿಗೆ ಅದನ್ನು ತಪ್ಪಿಸುತ್ತಿದ್ದುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆ ಹಾಲು ಪ್ರಮಾಣದಲ್ಲಿ ಕಡಿಮೆ, ಆದರೆ ಕೂಸಿನ ಹೊಟ್ಟೆಯೂ ಆಗ ಅಷ್ಟೇ ಸಣ್ಣದು. ರೋಗಗಳನ್ನು ತಡೆಯುವ ಅಂಶಗಳು ಅದರಲ್ಲಿ ತುಂಬಿರುತ್ತವೆ. ಜೇನುತುಪ್ಪ, ಬೆಲ್ಲದ ನೀರು, ಸಕ್ಕರೆ ನೀರು, ಔಡಲೆಣ್ಣೆ, ಗುಟ್ಟಿ ಯಾವುದನ್ನೂ ಬಾಯಿಗೆ ಹಾಕಬಾರದು. ಜೇನುತುಪ್ಪದಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಒಂದು ವರ್ಷದೊಳಗಿನ ಮಕ್ಕಳ ಕರುಳಿನಲ್ಲಿ ವಿಷ ಉಂಟುಮಾಡಿ ನರಗಳನ್ನು ದುರ್ಬಲಗೊಳಿಸಬಲ್ಲದು. ಗುಟ್ಟಿ ತೇಯುವ ಕಲ್ಲಿನಿಂದ ಬರುವ ಸೋಂಕು ಬೇರೆ. ಆರು ತಿಂಗಳವರೆಗೆ, ಗದಗಿನ ಏಪ್ರಿಲ್ ಬಿಸಿಲಿನಲ್ಲೂ, ನೀರು ಕೂಡ ಬೇಡ. ತಾಯಿಯ ಹಾಲಿನಲ್ಲಿರುವ ನೀರೇ ಸಾಕು.

ಹಾಲೂಡಿಸುವ ಕ್ರಮವನ್ನು ಅವಸರವಿಲ್ಲದೆ ಕಲಿಯಬೇಕು. ತಾಯಿ ಬೆನ್ನಿಗೆ ಆನಿಕೆ ಕೊಟ್ಟು ಕೂಡಬೇಕು. ಕೂಸಿನ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿದ್ದು, ಅದರ ಹೊಟ್ಟೆ ತಾಯಿಯ ಮೈಗೆ ತಾಗಿರಬೇಕು. ಮೊಲೆತೊಟ್ಟನ್ನು ಕೂಸಿನ ಮೇಲ್ದುಟಿಗೆ ಮುಟ್ಟಿಸಿ, ಅದು ಬಾಯಿಯನ್ನು ದೊಡ್ಡದಾಗಿ ತೆರೆದ ಕ್ಷಣದಲ್ಲಿ ಎದೆಗೆ ತರಬೇಕು. ಬಾಯೊಳಗೆ ತೊಟ್ಟಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಹೋಗಿರಬೇಕು, ಗದ್ದ ಎದೆಗೆ ತಾಗಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ಇಷ್ಟಾದರೆ ನೋವಾಗುವುದಿಲ್ಲ. ನೋವಾಗುತ್ತಿದ್ದರೆ, ಸಹಿಸಿಕೊಂಡು ಮುಂದುವರಿಸದೆ, ಕಿರುಬೆರಳನ್ನು ಕೂಸಿನ ಬಾಯಂಚಿಗೆ ಹಾಕಿ ಬಿಡಿಸಿ ಮತ್ತೆ ಹಚ್ಚಬೇಕು. ತೊಟ್ಟು ಬಿರಿದರೆ ಕೊನೆಯಲ್ಲಿ ಬರುವ ಹಾಲಿನ ಎರಡು ಹನಿಯನ್ನೇ ಸವರಿ ಗಾಳಿಗೆ ಆರಲು ಬಿಟ್ಟರೆ ಹೆಚ್ಚಿನವರಿಗೆ ಮಾಯುತ್ತದೆ.

ಇಪ್ಪತ್ನಾಲ್ಕು ಗಂಟೆಯಲ್ಲಿ 8ರಿಂದ 12 ಬಾರಿ ಹಾಲು ಬೇಕು. ಕೂಸು ಕೈ ಬಾಯಿಗೆ ಒಯ್ಯುವುದು, ತಲೆ ಆಚೀಚೆ ಹೊರಳಿಸುವುದು ಹಸಿವಿನ ಮೊದಲ ಸೂಚನೆ; ಅಳು ಕೊನೆಯದು. ಮೂರನೆಯ ದಿನದಿಂದ ಐದನೆಯ ದಿನದ ಒಳಗೆ ಎದೆ ತುಂಬಿ ಕಲ್ಲಿನಂತಾದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ, ಕೈಯಿಂದ ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ ಆಮೇಲೆ ಕುಡಿಸಬೇಕು.

ಈ ದಿನಗಳಲ್ಲಿ ಬಾಣಂತಿಯನ್ನು ಹೆಚ್ಚು ಕುಗ್ಗಿಸುವುದು ನೋಡಲು ಬಂದವರ ಒಂದು ಮಾತು: "ಕೂಸಿಗೆ ಹಾಲು ಸಾಲಂಗಿಲ್ಲ ಕಾಣಸ್ತೈತಿ, ಡಬ್ಬಿ ಹಾಲು ಹಾಕ್ರಿ." ಹಾಲು ಸಾಲುತ್ತಿದೆಯೇ ಎಂಬುದನ್ನು ಲಂಗೋಟಿ ಮತ್ತು ತಕ್ಕಡಿ ಹೇಳಬೇಕೇ ಹೊರತು ಅಳುವಲ್ಲ. ಐದನೆಯ ದಿನದ ನಂತರ ದಿನಕ್ಕೆ ಕನಿಷ್ಠ 6 ಲಂಗೋಟಿ ಒದ್ದೆಯಾಗಬೇಕು. ಮೊದಲ ಎರಡು ದಿನದ ಕಪ್ಪು ಮಲ ಹಸಿರಾಗಿ, ನಾಲ್ಕೈದನೆಯ ದಿನಕ್ಕೆ ಹಳದಿಯಾಗಬೇಕು. ಹುಟ್ಟಿದ ತೂಕದಲ್ಲಿ ನೂರಕ್ಕೆ ಏಳೆಂಟು ಭಾಗ ಮೊದಲ ದಿನಗಳಲ್ಲಿ ಇಳಿಯುವುದು ಸಹಜ. ನೂರಕ್ಕೆ ಹತ್ತನ್ನು ಮೀರಿದರೆ ವೈದ್ಯರು ನೋಡಬೇಕು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ವೈದ್ಯರು ಬೇರೆ ಹಾಲು ಬೇಕೆಂದರೆ ಬಾಟಲಿಯನ್ನು ಬಿಟ್ಟು, ಕುದಿಸಿ ತೆಗೆದ ವಾಟಗ ಮತ್ತು ಚಮಚದಿಂದ ಕುಡಿಸಿ.

ಹೊಕ್ಕುಳು, ಮತ್ತು ಗಾಬರಿ ಬೇಡದ ಕೆಲವು ಸಂಗತಿಗಳು

ಹೊಕ್ಕುಳಬಳ್ಳಿಯ ತುದಿಗೆ ಏನನ್ನೂ ಹಚ್ಚಬಾರದು. ಅರಿಸಿನ, ವಿಭೂತಿ, ಎಣ್ಣೆ, ಪೌಡರ್ ಎಲ್ಲವೂ ಸೋಂಕಿಗೆ ದಾರಿ. ಒಣಗಿರಲಿ, ಲಂಗೋಟಿಯನ್ನು ಅದರ ಕೆಳಗೆ ಕಟ್ಟಿ. ಐದರಿಂದ ಹದಿನೈದು ದಿನದೊಳಗೆ ತಾನೇ ಉದುರುತ್ತದೆ.

ಮೈಮೇಲೆ ಕೆಂಪು ಗುಳ್ಳೆ ಎದ್ದು ಮಾಯವಾಗುವುದು, ಚರ್ಮ ಸುಲಿಯುವುದು, ಬಿಕ್ಕಳಿಕೆ, ಸೀನು, ಹಾಲು ಕುಡಿದ ಮೇಲೆ ತುಸು ಕಕ್ಕುವುದು ಇವೆಲ್ಲ ಸಾಮಾನ್ಯ. ಹೆಣ್ಣುಕೂಸಿಗೆ ಮೊದಲ ವಾರದಲ್ಲಿ ಒಂದೆರಡು ಹನಿ ರಕ್ತ ಕಾಣಿಸಬಹುದು; ಗಂಡಾಗಲಿ ಹೆಣ್ಣಾಗಲಿ, ಎದೆ ಉಬ್ಬಿ ಹಾಲಿನಂತಹ ದ್ರವ ಒಸರಬಹುದು. ತಾಯಿಯ ದೇಹದ ಹಾರ್ಮೋನುಗಳಿಂದ ಹೀಗಾಗುತ್ತದೆ, ತಾನೇ ಇಳಿಯುತ್ತದೆ. ಅದನ್ನು ಹಿಂಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ; ಹಿಂಡಿದರೆ ಕೀವು ಕಟ್ಟುತ್ತದೆ.

ಕಾಮಾಲೆ: ಬಿಸಿಲಿಗೆ ಹಿಡಿಯುತ್ತ ದಿನ ಕಳೆಯಬೇಡಿ

ನನ್ನ ದೊಡ್ಡ ಮಗಳ ಕೂಸಿಗೆ ಐದನೆಯ ದಿನ ಕಣ್ಣು ಹಳದಿಯಾಗಿತ್ತು. ಮುಂಜಾನೆಯ ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದು ಓಣಿಯ ಹಿರಿಯರೆಲ್ಲ ಹೇಳಿದರು, ನಾನೂ ಹಾಗೆಯೇ ಮಾಡಿದೆ. ಏಳನೆಯ ದಿನ ಎರೆಯುವಾಗ ನೋಡಿದರೆ ಅಂಗಾಲೂ ಹಳದಿಯಾಗಿತ್ತು, ಕೂಸು ಹಾಲಿಗೆ ಎಚ್ಚರವಾಗುತ್ತಿರಲಿಲ್ಲ. ಅಂದೇ ಆಸ್ಪತ್ರೆಗೆ ಒಯ್ದೆವು. ಎರಡು ದಿನ ನೀಲಿ ಬೆಳಕಿನ ಚಿಕಿತ್ಸೆಯಾದ ಮೇಲೆ ಗುಣವಾಯಿತು. ಆ ಎರಡು ದಿನದ ತಡ ನನ್ನಿಂದ ಆಗಬಾರದಿತ್ತು.

ಎರಡನೆಯ ಅಥವಾ ಮೂರನೆಯ ದಿನ ಶುರುವಾಗಿ, ಮುಖ ಮತ್ತು ಎದೆಯಷ್ಟಕ್ಕೆ ಉಳಿದು, ಎರಡು ವಾರದಲ್ಲಿ ಮಾಯವಾಗುವ ಹಳದಿ ಬಹಳಷ್ಟು ಕೂಸುಗಳಿಗೆ ಬರುತ್ತದೆ. ಹಾಲು ಚೆನ್ನಾಗಿ ಕುಡಿದರೆ ಮಲದ ಮೂಲಕ ಅದು ಹೊರಹೋಗುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೆ ಕಾಣಿಸಿದರೆ, ಹೊಟ್ಟೆಯನ್ನು ದಾಟಿ ಕಾಲಿಗೆ ಇಳಿದರೆ, ಅಂಗೈ ಅಂಗಾಲು ಹಳದಿಯಾದರೆ, ಕೂಸು ಮಂಕಾದರೆ, ಎರಡು ವಾರ ದಾಟಿದರೂ ಹೋಗದಿದ್ದರೆ, ಅಥವಾ ಮಲ ಸುಣ್ಣದಂತೆ ಬೆಳ್ಳಗಾದರೆ ಒಂದು ದಿನವೂ ಕಾಯಬಾರದು. ಕಾಮಾಲೆಗೆ ಕಾರಣವಾದ ವಸ್ತು ರಕ್ತದಲ್ಲಿ ಮಿತಿಮೀರಿದರೆ ಮೆದುಳಿಗೆ ಇಳಿಯುತ್ತದೆ, ಆಮೇಲೆ ಆ ಹಾನಿಯನ್ನು ಸರಿಪಡಿಸಲಾಗದು. ದಿನಕ್ಕೊಮ್ಮೆ ಹಗಲು ಬೆಳಕಿನಲ್ಲಿ, ಬಟ್ಟೆ ಬಿಚ್ಚಿ, ಚರ್ಮವನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಣ್ಣ ನೋಡುವ ರೂಢಿ ಇಟ್ಟುಕೊಳ್ಳಿ.

ಎರೆಯುವುದು ಮತ್ತು ಕಾಸುವುದು

ಹುಟ್ಟಿದ ಮೊದಲ ದಿನ ಕೂಸಿಗೆ ಸ್ನಾನ ಬೇಡ. ಹೊಕ್ಕುಳು ಉದುರುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. 2 ಕಿಲೋಗಿಂತ ಕಡಿಮೆ ತೂಕದ ಕೂಸಿಗಂತೂ ತೂಕ ಏರುವವರೆಗೆ ಎರೆಯುವ ಮಾತನ್ನೇ ಎತ್ತಬಾರದು. ಆಮೇಲೆ ಬೆಚ್ಚಗಿನ ಹೊತ್ತಿನಲ್ಲಿ, ಬಾಗಿಲು ಮುಚ್ಚಿ, ಮೊಣಕೈ ಅದ್ದಿ ನೋಡಿದ ನೀರಿನಿಂದ, ಐದು ನಿಮಿಷದಲ್ಲಿ ಮುಗಿಸಿ ತಕ್ಷಣ ಒರೆಸಿ ಕುಂಚಿಗೆಯಲ್ಲಿ ಸುತ್ತಬೇಕು. ಕೊಬ್ಬರಿ ಎಣ್ಣೆಯಿಂದ ಹಗುರವಾಗಿ ಮೈ ನೀವುವುದು ಒಳ್ಳೆಯದು. ಎರೆಯುವಾಕೆ ಎಷ್ಟೇ ಅನುಭವಸ್ಥಳಾಗಿದ್ದರೂ, ಮೂಗು ಕಿವಿಗೆ ಎಣ್ಣೆ ಬಿಡುವುದು, ಮೂಗು ಎಳೆದು ತಿದ್ದುವುದು, ಬಾಯೊಳಗೆ ಬೆರಳು ಹಾಕಿ ತೊಳೆಯುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು ಬೇಡವೆಂದು ಮೊದಲ ದಿನವೇ ಹೇಳಿಬಿಡಿ. ಮರ್ಯಾದೆಯಿಂದ ಹೇಳಿದರೆ ಅವರೂ ಕೇಳುತ್ತಾರೆ.

ಇನ್ನು ಅಗ್ಗಿಷ್ಟಿಕೆಯ ವಿಷಯ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಬಟ್ಟೆ ಒಣಗದ ತಂಪಿನಲ್ಲಿ, ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವ ಆಸೆ ಸಹಜ. ನಾನೂ ಒಂದು ಸಂಜೆ ಕಿಟಕಿ ಮುಚ್ಚಿ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಮಗಳು ತಲೆನೋವೆಂದು ಎದ್ದು ವಾಂತಿ ಮಾಡಿಕೊಂಡಳು. ಇಬ್ಬರನ್ನೂ ಹೊರಗೆ ತಂದ ಮೇಲೆ ಸುಧಾರಿಸಿತು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಲೋಬಾನದ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಕಿರಿಕಿರಿ. ಬೆಚ್ಚಗಿಡಲು ತಲೆಗೆ ಕುಲಾಯಿ, ನಾವು ತೊಡುವುದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ, ಮತ್ತು ತಾಯಿಯ ಮೈ ಬಿಸಿ ಸಾಕು. ತೂಕ ಕಡಿಮೆ ಇರುವ ಕೂಸನ್ನು ಲಂಗೋಟಿ, ಕುಲಾಯಿಯಷ್ಟರಲ್ಲೇ ತಾಯಿಯ ಬರಿಯ ಎದೆಗೆ ನೇರವಾಗಿ ಅಂಟಿಸಿ ಮೇಲೆ ಸೀರೆ ಸುತ್ತುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ಅಪ್ಪನೂ ಇದನ್ನು ಮಾಡಬಹುದು. ಕೈಕಾಲು ಮುಟ್ಟಿ ನೋಡಿ ತಣ್ಣಗಿದ್ದರೆ ಬೆಚ್ಚಗೆ ಮಾಡಿ, ಕುತ್ತಿಗೆ ಬೆವೆತಿದ್ದರೆ ಒಂದು ಪದರ ತೆಗೆಯಿರಿ.

ನಿದ್ದೆ, ರಾತ್ರಿ, ಅಳು

ಹೊಸ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ಎರಡು ಮೂರು ಗಂಟೆಗೊಮ್ಮೆ ಏಳುತ್ತದೆ. ಅದಕ್ಕೆ ಹಗಲು ರಾತ್ರಿಯ ಭೇದ ಇನ್ನೂ ತಿಳಿಯದು. ಮಲಗಿಸುವಾಗ ಸಮತಟ್ಟಾದ, ಗಟ್ಟಿಯಾದ ಹಾಸಿನ ಮೇಲೆ, ಯಾವಾಗಲೂ ಬೆನ್ನ ಮೇಲೆ ಮಲಗಿಸಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಸುತ್ತಲಿನ ಮೆತ್ತನೆ ಹೊದಿಕೆಗಳು ಬೇಡ. ಮುಖ ಮುಚ್ಚಿದರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಲೆ ಚಪ್ಪಟೆಯಾಗದಿರಲು ಎಚ್ಚರವಿರುವಾಗ, ನೀವು ನೋಡುತ್ತಿರುವಾಗ, ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಮಲಗಿಸಿ. ನಮ್ಮ ಜಿಲ್ಲೆಯ ಹೆಮ್ಮೆಯಾದ ಕಲಘಟಗಿಯ ಬಣ್ಣದ ತೊಟ್ಟಿಲಿನ ತಳ ಸಮತಟ್ಟಾಗಿರುವುದರಿಂದ ಕೂಸು ನೇರವಾಗಿ ಮಲಗುತ್ತದೆ. ಸೀರೆಯ ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗಬಹುದು, ಹಾಗಾಗಿ ಅದರಲ್ಲಿ ಕಣ್ಣಳತೆ ಮೀರಿ ಬಿಡಬಾರದು. ಕೊರಳಿಗೆ ಕಪ್ಪು ದಾರ, ಮಣಿ ಸರ ಕಟ್ಟಿದ್ದರೆ ಮಲಗಿಸುವಾಗ ತೆಗೆಯಿರಿ. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಟ್ಟರೂ ನಡೆಯುತ್ತದೆ; ಕಣ್ಣಿಗೆ ಕಾಡಿಗೆ ಬೇಡ, ಅದರಿಂದ ಸೋಂಕು ತಗಲುತ್ತದೆ, ಕೆಲವು ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ.

ರಾತ್ರಿಯನ್ನು ಪಾಳಿ ಹಂಚಿಕೊಂಡು ಕಳೆಯಬೇಕು. ಹಾಲೂಡಿಸುವುದಷ್ಟೇ ತಾಯಿಯ ಕೆಲಸ. ಹೆಗಲಿಗೆ ಹಾಕಿ ತೇಗು ಬರಿಸುವುದು, ಲಂಗೋಟಿ ಬದಲಿಸುವುದು, ಮತ್ತೆ ಮಲಗಿಸುವುದು ಉಳಿದವರದು. ನಮ್ಮ ಮನೆಯಲ್ಲಿ ನಡುರಾತ್ರಿಯವರೆಗೆ ನನ್ನ ಪಾಳಿ, ಆಮೇಲೆ ನಮ್ಮ ಯಜಮಾನರದು. ಶನಿವಾರ ಹಾವೇರಿಯಿಂದ ಬರುತ್ತಿದ್ದ ಅಳಿಯಂದಿರಿಗೆ ಆ ಎರಡು ರಾತ್ರಿ ಪೂರ್ತಿ ಬಿಟ್ಟುಕೊಟ್ಟೆವು. ಅಳಿಯನ ಕೈಯಲ್ಲಿ ಇಂಥ ಕೆಲಸ ಮಾಡಿಸುವುದು ಹೇಗೆ ಎಂದು ಸಂಕೋಚಪಡುವ ಮನೆಗಳಿಗೆ ನಾನು ಹೇಳುವುದಿಷ್ಟೇ: ಆ ಕೂಸು ಅವರದೂ ಹೌದು, ಕಲಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಅಳು ಎರಡನೆಯ ವಾರದಿಂದ ಏರುತ್ತ ಆರನೆಯ ವಾರದ ಆಸುಪಾಸಿನಲ್ಲಿ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಸಂಜೆ ಹೊತ್ತು ಜಾಸ್ತಿ. ಹಸಿವು, ಒದ್ದೆ, ಸೆಕೆ, ಚಳಿ ನೋಡಿ, ಎದೆಗೊರಗಿಸಿ ಓಡಾಡಿ. ಗ್ರೈಪ್ ವಾಟರ್ ಬೇಕಿಲ್ಲ. ತಾಳ್ಮೆ ಮೀರಿದರೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ಬನ್ನಿ. ಎಂದಿಗೂ ಅಲುಗಾಡಿಸಬೇಡಿ, ಜೋರಾಗಿ ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತ ಒಸರುತ್ತದೆ.

ಬಾಣಂತಿಯ ಊಟ, ಮೈ, ಮನಸ್ಸು

ಅಂಟಿನ ಉಂಡಿ, ಅಳ್ವಿ ಪಾಯಸ, ಸಬ್ಬಸಿಗಿ ಪಲ್ಲೆ, ಬಳ್ಳೊಳ್ಳಿ ಹಾಕಿದ ಸಾರು, ತುಪ್ಪ ಹಾಕಿದ ಬಿಸಿ ಜೋಳದ ರೊಟ್ಟಿ ಇವುಗಳನ್ನು ಬಿಡಬೇಡಿ; ಅಳ್ವಿಯಲ್ಲಿ ಕಬ್ಬಿಣಾಂಶ ಚೆನ್ನಾಗಿದೆ. ಇದರ ಜೊತೆ ಬೇಳೆ, ಮೊಸರು, ಹಣ್ಣು, ತಿನ್ನುವವರಿಗೆ ಮೊಟ್ಟೆಯೂ ಇರಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವುದು ದೊಡ್ಡ ತಪ್ಪು. ಪ್ರತಿ ಬಾರಿ ಹಾಲೂಡಿಸುವಾಗ ಒಂದು ತಂಬಿಗೆ ನೀರು ಪಕ್ಕದಲ್ಲಿರಬೇಕು. ಹೆರಿಗೆಯ ನಂತರ 180 ದಿನ ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆ ತೆಗೆದುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ನುಂಗಬಾರದು, ಕಬ್ಬಿಣದ ಗುಳಿಗೆಯ ಜೊತೆ ಚಹಾ ಕುಡಿಯಬಾರದು. ಸಿಸೇರಿಯನ್ ಆಗಿದ್ದರೆ ಆರು ವಾರ ಕೂಸಿಗಿಂತ ಭಾರದ ಯಾವುದನ್ನೂ ಎತ್ತಬಾರದು, ಹೊಲಿಗೆಯ ಮೇಲೆ ಬಿಸಿನೀರು ಎರಚಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟುವುದರಿಂದ ಯಾರಿಗೂ ಕೇಡಿಲ್ಲ, ಹಿರಿಯರ ಮನಸ್ಸಿಗೆ ಹಿತವಾದರೆ ಕಟ್ಟಲಿ.

ಮೂರನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು ಹೆಚ್ಚಿನ ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ದಾಟಿಯೂ ಮಂಕು ಹೋಗದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲವೆಂದರೆ, ಬದುಕು ಬೇಡವೆಂಬ ಮಾತು ಬಂದರೆ, ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತ ಕೂಡಬಾರದು. ಇದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು; ಧಾರವಾಡದಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಇದೆ. ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆ, ಕಣ್ಣು ಮಂಜಾಗುವ ತಲೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ಕಂಡರೆ ತಾಯಿಯನ್ನು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಬರುವವರು, ಶಾಸ್ತ್ರಗಳು, ಕಾಗದಪತ್ರ

ಐದನೆಯ ರಾತ್ರಿ ಸೆಟವಿ ತಾಯಿ ಹಣೆಬರಹ ಬರೆಯುತ್ತಾಳೆಂದು ದೀಪ ಹಚ್ಚುವುದು, ಹನ್ನೆರಡು ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದು ನಮಗೆಲ್ಲ ಪ್ರೀತಿಯ ಸಂಗತಿಗಳು. ಮನೆಮಂದಿಯಷ್ಟರಲ್ಲೇ ಮಾಡಿ, ದೊಡ್ಡ ಊಟವನ್ನು ಮೂರು ತಿಂಗಳ ಮೇಲೆ ಇಟ್ಟುಕೊಳ್ಳಿ. ಪೇಡೆ ಹಂಚಲು ಕೂಸನ್ನು ಹತ್ತು ಕೈಗೆ ಕೊಡಬೇಕಿಲ್ಲ. ಕೈ ತೊಳೆದವರು ಎತ್ತಿಕೊಳ್ಳಲಿ, ನೆಗಡಿ ಇದ್ದವರು ಬಾಗಿಲಲ್ಲಿ ನಿಂತು ಹರಸಲಿ, ಯಾರೂ ಮುತ್ತು ಕೊಡುವುದು ಬೇಡ. ಕಿವಿ ಚುಚ್ಚಿಸುವುದನ್ನು ಲಸಿಕೆಗಳು ಆಗುವವರೆಗೆ ಮುಂದೂಡಿ.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರಾದರೂ ತಂದೆತಾಯಿಯ ಹೆಸರಿನ ಅಕ್ಷರಗಳು ಆಧಾರ್ ಕಾರ್ಡಿನಂತೆಯೇ ಇವೆಯೇ ಎಂದು ನೋಡುವುದು ನಿಮ್ಮ ಕೆಲಸ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಹೆಸರು ಇನ್ನೂ ಇಟ್ಟಿಲ್ಲವೆಂದು ನೋಂದಣಿಯನ್ನು ತಡಮಾಡಬೇಡಿ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ತವರಿಗೆ ಬಂದ ಬಾಣಂತಿಯ ಹೆಸರು ಆ ಓಣಿಯ ಪಟ್ಟಿಯಲ್ಲಿ ಇರದೆ ಹೋಗುವುದುಂಟು. ಆದ್ದರಿಂದ ಬಂದ ದಿನವೇ ಅವರಿಗೆ ತಿಳಿಸಿ, ಪ್ರತಿ ಭೇಟಿಯಲ್ಲೂ ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಕೂಸಿಗೆ ಒಂದು ತಿಂಗಳೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ತಪ್ಪಿದರೆ ದೃಷ್ಟಿಯೇ ಹೋಗಬಹುದು.

ಕೂಡಲೇ ಹೊರಡಬೇಕಾದ ಹೊತ್ತು

ಈ ಭಾಗವನ್ನು ಬರೆದು ಬಾಗಿಲ ಹಿಂದೆ ಅಂಟಿಸಿಕೊಳ್ಳಿ. ಕೂಸು ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಕಂಕುಳಲ್ಲಿ ಅಳೆದ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದರೆ, ಇಲ್ಲವೇ ಬೆಚ್ಚಗೆ ಮಾಡಿದರೂ 36.5ಕ್ಕಿಂತ ಕೆಳಗೇ ಇದ್ದರೆ; ಫಿಟ್ಸ್ ಬಂದರೆ; ತುಟಿ ನೀಲಿಯಾದರೆ; ಹಸಿರು ವಾಂತಿಯಾದರೆ; ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ; ಅಂಗಾಲು ಹಳದಿಯಾದರೆ. ಇವುಗಳಲ್ಲಿ ಒಂದೇ ಕಂಡರೂ 108ಕ್ಕೆ ಕರೆ ಮಾಡಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಲ್ಲಿ, ಗದಗ ಮತ್ತು ಹಾವೇರಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳಿವೆ, ಮತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗೆ ಕಾಯಿಲೆಯ ಕೂಸಿನ ಚಿಕಿತ್ಸೆ ಉಚಿತ. ದಾರಿಯಲ್ಲಿ ಕೂಸನ್ನು ಎದೆಗೆ ಅಂಟಿಸಿಕೊಂಡು ಬೆಚ್ಚಗಿಟ್ಟು, ಕುಡಿಯುವ ಸ್ಥಿತಿಯಲ್ಲಿದ್ದರೆ ಹಾಲು ಕೊಡುತ್ತಲೇ ಹೋಗಿ.

ಆರನೆಯ ವಾರ

ಈ ಹೊತ್ತಿಗೆ ಎಡತೋಳಿನಲ್ಲಿ ಬಿಸಿಜಿ ಹಾಕಿದ ಕಡೆ ಸಣ್ಣ ಗುಳ್ಳೆ ಎದ್ದು, ಒಡೆದು ಕಲೆಯಾಗುತ್ತದೆ. ಅದಕ್ಕೆ ಏನೂ ಹಚ್ಚಬೇಡಿ, ಒತ್ತಬೇಡಿ. ಆರು ವಾರ ತುಂಬಿದ ಮೇಲೆ ಪೆಂಟಾವಲೆಂಟ್, ನ್ಯುಮೋಕಾಕಲ್ ಮತ್ತು ಪೋಲಿಯೊ ಚುಚ್ಚುಮದ್ದು, ರೋಟಾವೈರಸ್ ಹಾಗೂ ಪೋಲಿಯೊ ಹನಿಗಳು ಒಂದೇ ದಿನ ಆಗುತ್ತವೆ. ಒಂದೇ ಸಲಕ್ಕೆ ಇಷ್ಟೊಂದು ಏಕೆಂದು ಅರ್ಧಕ್ಕೆ ಬಿಟ್ಟು ಬರಬೇಡಿ. ಚುಚ್ಚಿದ ಕೂಡಲೇ ಎದೆಗೆ ಹಚ್ಚಿದರೆ ಕೂಸಿನ ನೋವು ಬೇಗ ಶಮನವಾಗುತ್ತದೆ. ಅರ್ಧ ಗಂಟೆ ಅಲ್ಲೇ ಕುಳಿತು ಆಮೇಲೆ ಹೊರಡಿ. ಒಂದೆರಡು ದಿನ ಜ್ವರ, ತೊಡೆಯಲ್ಲಿ ಬಾವು ಬರಬಹುದು. ತಿಕ್ಕಬೇಡಿ, ತಣ್ಣನೆ ಬಟ್ಟೆ ಇಡಿ, ಜ್ವರದ ಹನಿಯನ್ನು ಕೂಸಿನ ತೂಕ ಹೇಳಿ ಅಲ್ಲಿಯೇ ಕೇಳಿ ಬರೆಸಿಕೊಳ್ಳಿ. ಅದೇ ದಿನ ತಾಯಿಯ ರಕ್ತದೊತ್ತಡ, ಹಿಮೋಗ್ಲೋಬಿನ್, ಹೊಲಿಗೆ ತೋರಿಸಿ, ಮುಂದಿನ ಗರ್ಭವನ್ನು ಯಾವ ವಿಧಾನದಿಂದ ತಡೆಯಬೇಕೆಂಬುದನ್ನು ಗಂಡಹೆಂಡತಿ ಇಬ್ಬರೂ ಕೂಡಿ ವೈದ್ಯರನ್ನು ಕೇಳಿಕೊಂಡು, ಹತ್ತನೆಯ ವಾರದ ಲಸಿಕೆಯ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.